ಜೋತಾಡುವ ವೈರು

ಮೊನ್ನೆ ಭಾನುವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಂಟರ್ನೆಟ್ ನಿಂತುಹೋಯಿತು. ವೈಟ್‌ಫೀಲ್ಡಿನಲ್ಲಿ ನೀರು ನಿಂತರೆ ಟ್ಯಾಂಕರಿಗೆ ಫೋನ್ ಮಾಡುತ್ತೇವೆ, ಕರೆಂಟ್ ಹೋದರೆ ಜನರೇಟರ್ ಇದೆ. ಇಂಟರ್ನೆಟ್ ಹೋದರೆ ಮಾತ್ರ ಎಲ್ಲರೂ ಬಾಗಿಲು ತೆಗೆದು ಹೊರಬಂದು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಪಕ್ಕದ ಮನೆಯವರಿಗೆ ಗಡ್ಡವಿದೆಯೆಂದು ನನಗೆ ಗೊತ್ತಾದದ್ದೇ ಅಂದು. ಕಂಪ್ಯೂಟರ್ ಕೆಲಸದವಳೆಂಬ ತಪ್ಪಿಗೆ ನನ್ನನ್ನು ಬೇಸ್‌ಮೆಂಟಿಗೆ ಅಟ್ಟಿದರು. ಅಲ್ಲಿದ್ದ ಕಬ್ಬಿಣದ ಪೆಟ್ಟಿಗೆಯ ಬಾಗಿಲು ತೆಗೆದೆ ನೋಡಿ, ಬಿಸಿ ಧೂಳೂ ಪ್ಲಾಸ್ಟಿಕ್ಕೂ ಬೆರೆತ ವಾಸನೆ ಮುಖಕ್ಕೆ ಬಡಿಯಿತು. ಹಳೆಯ ದಿನಗಳನ್ನು ನೆನೆಯಲು ಬೇರೆಯವರಿಗೆ ಮಲ್ಲಿಗೆ, ಮಳೆ, ಮಣ್ಣು ಸಿಕ್ಕಿವೆ. ನನಗೆ ದಕ್ಕಿದ್ದು ಇದು.

ನಾಗಸಂದ್ರದಾಚೆ ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಮತ್ತು ಇಂಟರ್ನೆಟ್ಟಿಗೆಂದೇ ವಿದ್ಯಾರ್ಥಿಗಳ ಸಂಘವೊಂದಿತ್ತು. ಮೆಟ್ಟಿಲಿನ ಕೆಳಗಿನ ಕೋಣೆ, ಇದೇ ವಾಸನೆ. ಸೇರಲು ಅರ್ಜಿಯಿಲ್ಲ, ಚಂದಾ ಇಲ್ಲ, ಹೋಗಿ ಕೂತರಾಯಿತು. ಆದರೆ ಕೂತವರೆಲ್ಲ ಸದಸ್ಯರಲ್ಲ. ಒಳಗಿನವರು ಗಂಡು ಹೆಣ್ಣೆನ್ನದೆ ಒಬ್ಬರನ್ನೊಬ್ಬರು 'ಮಗಾ' ಎನ್ನುತ್ತಿದ್ದರು. ನನಗೆ ಮಾತ್ರ ಬಹುವಚನ. "ಸ್ವಲ್ಪ ಆ ಕಡೆ ಜರುಗ್ತೀರಾ?" ಎನ್ನುತ್ತಿದ್ದಳು ಸಂಘದ ಯಜಮಾನಿ, ಮೂರನೇ ವರ್ಷದ ಭಾರತಿ. ನಾನು ಜರುಗುತ್ತಿದ್ದೆ. ಮರ್ಯಾದೆ ಕೊಟ್ಟೇ ಒಬ್ಬರನ್ನು ಇಷ್ಟು ಅಚ್ಚುಕಟ್ಟಾಗಿ ಹೊರಗಿಡಬಹುದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಭಾರತಿ ಒಂದೇ ಒಂದು ಸಲ ನನ್ನನ್ನು ಮಗಾ ಅಂದುಬಿಟ್ಟರೆ ಸಾಕು ಅನ್ನುವಷ್ಟು ಆಸೆ ಹುಟ್ಟಿತ್ತು. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಪರೀಕ್ಷೆಯಲ್ಲಿ ಪಾಸಾಗುವ ಆಸೆಯೂ ಅಷ್ಟಿರಲಿಲ್ಲ.

ಅವಳನ್ನು ಮೆಚ್ಚಿಸಲು ನನಗೆ ಬರುತ್ತಿದ್ದುದಾದರೂ ಏನು? ಪ್ರೋಗ್ರಾಂ ಬರೆದರೆ ಓಡುತ್ತಿರಲಿಲ್ಲ. ಆದರೆ ವೈರುಗಳ ವಿಚಾರದಲ್ಲಿ ನನಗೊಂದು ಮನೆತನವಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಅಪ್ಪ ಸಾಲುಮನೆ ಕಟ್ಟಿ, ಪೀಣ್ಯದ ಫ್ಯಾಕ್ಟರಿಗಳಿಗೆ ಬರುವ ರಾಯಚೂರು, ಯಾದಗಿರಿ ಕಡೆಯವರಿಗೆ ಬಾಡಿಗೆಗೆ ಕೊಟ್ಟಿದ್ದ. ಬಾಡಿಗೆಗಿಂತ ಅವನಿಗೆ ವೈರುಗಳದೇ ಚಿಂತೆ. "ವೈರು ಜೋತಾಡ್ತಿದ್ರೆ ಅಂಗೇ ಬುಟ್ಟು ಬರಬ್ಯಾಡ ಕಣವ್ವಾ, ಎಲ್ಲಾರಾ ಸೇರ್ಸು," ಎಂದು ನನಗೆ ಬುದ್ಧಿ ಬಂದಾಗಿನಿಂದ ಹೇಳುತ್ತಿದ್ದ.

ಆ ವರ್ಷ ಸಂಘ ದೊಡ್ಡ ಸ್ಪರ್ಧೆಯೊಂದನ್ನು ಇಟ್ಟುಕೊಂಡಿತ್ತು. ಬೇರೆ ಕಾಲೇಜಿನವರೆಲ್ಲ ಬಂದಿದ್ದರು. ದೀಪ ಹಚ್ಚುವ ಬದಲು ರಿಜಿಸ್ಟ್ರಾರರು ಮೌಸ್ ಒತ್ತಿ ಉದ್ಘಾಟಿಸುವ ಏರ್ಪಾಡು. ನನಗೆ ಕೆಲಸ ಕೊಟ್ಟಿರಲಿಲ್ಲ. ಹಾಗಾಗಿ ನಾನೇ ಕೋಣೆ ಗುಡಿಸಲು ಶುರುಮಾಡಿದೆ. ನೆಟ್ ಹಂಚುವ ಪೆಟ್ಟಿಗೆಯಿಂದ ಹೊರಟ ನೀಲಿ ವೈರೊಂದರ ತುದಿ ಜೋತಾಡುತ್ತಿತ್ತು. ಪಕ್ಕದಲ್ಲೇ ಖಾಲಿ ತೂತು. ಅಪ್ಪನನ್ನು ನೆನೆದು ಸಿಕ್ಕಿಸಿದೆ, ಟಕ್ ಎಂದು ಕೂತಿತು. ಜೀವಕ್ಕೆ ಹಾಯೆನಿಸಿತು.

ಒಂದೇ ವೈರಿನ ಎರಡೂ ತುದಿ ಒಂದೇ ಪೆಟ್ಟಿಗೆಗೆ ಸೇರಬಾರದಂತೆ. ಸೇರಿದರೆ ವಠಾರದಲ್ಲಿ ನೀವು ಹೇಳಿದ ಸುದ್ದಿ ಸುತ್ತಿ ನಿಮಗೇ ವಾಪಸ್ ಬಂದು, ನೀವದನ್ನು ಹೊಸದೆಂದುಕೊಂಡು ಮತ್ತೆ ಹೇಳಲು ಹೊರಟಂತಾಗುತ್ತದೆ. ಬೇರೆ ಯಾರ ಮಾತಿಗೂ ಜಾಗವೇ ಉಳಿಯುವುದಿಲ್ಲ. ರಿಜಿಸ್ಟ್ರಾರರು ಮೌಸ್ ಒತ್ತಿದರು. ತೆರೆಯ ಮೇಲೆ ಚಕ್ರ ತಿರುಗಿತು. ಮತ್ತೆ ಒತ್ತಿದರು. ಆಮೇಲೆ ತಾಂತ್ರಿಕ ಪ್ರಗತಿಯ ಬಗ್ಗೆ ಇನ್ನೊಂದು ಭಾಷಣ ಶುರುಮಾಡಿದರು.

ಭಾರತಿ ಓಡಿಬಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ನೀಲಿ ವೈರಿನ ಮೇಲೆ ಬೆರಳಾಡಿಸುತ್ತ ಹೋದವಳ ಬೆರಳು ಹೊರಟಲ್ಲಿಗೇ ಬಂದು ನಿಂತಿತು.

"ಇದನ್ನ ಯಾರು ಸಿಕ್ಸಿದ್ದು?"

"ನಾನೇ. ಜೋತಾಡ್ತಿತ್ತು," ಅಂದೆ, ಹೊಗಳಿಕೆಯ ನಿರೀಕ್ಷೆಯಲ್ಲಿ.

ಅವಳು ವೈರು ಕಿತ್ತಳು. ಸಭಾಂಗಣದಿಂದ ಚಪ್ಪಾಳೆ ಕೇಳಿಸಿತು. ನನ್ನನ್ನು ದಿಟ್ಟಿಸಿ, ಹಣೆ ಚಚ್ಚಿಕೊಂಡು, "ಏನ್ ಮಗಾ ಮಾಡ್ಬಿಟ್ಟೆ," ಅಂದಳು. ನನಗೆ ಅಳು ಬಂತು. ಬೈಸಿಕೊಂಡಿದ್ದಕ್ಕೆಂದು ತಿಳಿದ ಅವಳು, "ಹೋಗ್ಲಿ ಬಿಡು, ಫಸ್ಟ್ ಇಯರಲ್ಲಿ ನಾನೂ ಇದನ್ನೇ ಮಾಡಿದ್ದೆ," ಎಂದು ಟೀ ತರಿಸಿದಳು. ನಾನು ತಿದ್ದಲು ಹೋಗಲಿಲ್ಲ.

ಇಷ್ಟೆಲ್ಲ ನೆನೆಯುತ್ತ ಬೇಸ್‌ಮೆಂಟಿನಲ್ಲಿ ನಿಂತಿದ್ದಾಗ ನಮ್ಮ ಅಸೋಸಿಯೇಷನ್ ಅಧ್ಯಕ್ಷ ನಂಜುಂಡಪ್ಪನವರು ಕೆಳಗಿಳಿದು ಬಂದರು. ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸೂಪರ್‌ವೈಸರ್ ಆಗಿ ನಿವೃತ್ತರಾದವರು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸಿದರೆ ನೋಟಿಸು ಅಂಟಿಸುವವರು. ಬಾಡಿಗೆಗಿರುವ ನನ್ನನ್ನು ಅವರು ಕರೆಯುವುದು 'ಟೆನೆಂಟ್ ಮೇಡಂ' ಎಂದು. ಮಕ್ಕಳು ಅವರನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಾರೆ.

"ನಮ್ ಕಡೆಯಿಂದ ಏನೂ ಪ್ರಾಬ್ಲಂ ಇಲ್ಲ ಮೇಡಂ. ರಾತ್ರಿ ನಾನೇ ಎಲ್ಲಾ ನೀಟ್ ಮಾಡಿದೀನಿ. ಒಂದು ವೈರೂ ಜೋತಾಡ್ತಿಲ್ಲ ನೋಡಿ," ಅಂದರು.

ನೋಡಿದೆ. ದೀಪಗಳು ಹುಚ್ಚು ಹಿಡಿದಂತೆ ಮಿನುಗುತ್ತಿದ್ದವು. ಕೈ ತಾನಾಗಿ ಹಣೆಗೆ ಹೋಯಿತು.

"ಏನ್ ಮಗಾ ಮಾಡ್ಬಿಟ್ಟೆ."

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಯಾರಿಗೆ ಏನಂದೆ ಎಂದು. ಮನೆ ಖಾಲಿ ಮಾಡಿ ಎಲ್ಲಿಗೆ ಹೋಗುವುದೆಂದು ನಾನು ಯೋಚಿಸತೊಡಗಿದ್ದೆ.

"ಫ್ಯಾಕ್ಟರಿ ಬಿಟ್ಮೇಲೆ ಯಾರೂ ನನ್ನ ಹಂಗೆ ಕರ್ದಿಲ್ಲ," ಅಂದರು ನಂಜುಂಡಪ್ಪನವರು ಮೆಲ್ಲಗೆ. ಆಮೇಲೆ ಪಂಚೆ ಎತ್ತಿ ಕಟ್ಟಿ, ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಯಾವ್ ವೈರ್ ಕೀಳ್ಬೇಕು, ಹೇಳು ಮಗಾ."