ರಟ್ಟಿನ ಬಂಗುಡೆ ಮತ್ತು ನನ್ನ ಡಿಗ್ರಿ

ನನ್ನ ಡಿಗ್ರಿಗೆ ತಗುಲಿದ್ದು ಒಂದು ಹೊಲಿಗೆ ಮೆಷಿನ್, ಮೂರು ವರ್ಷದ ಭಾನುವಾರಗಳು ಮತ್ತು ನಾನು ಬಹಳ ಬುದ್ಧಿವಂತೆ ಎಂಬ ನಂಬಿಕೆ. ಮೆಷಿನನ್ನು ಆಮೇಲೆ ಹೊಸದೇ ಕೊಂಡೆ. ಭಾನುವಾರಗಳು ಈಗ ಬೇಕಾದಷ್ಟು ಇವೆ. ಆ ನಂಬಿಕೆ ಮಾತ್ರ ಪೂರ್ತಿ ವಾಪಸು ಬರಲಿಲ್ಲ. ಬಾರದಿದ್ದದ್ದೇ ಲಾಭವಾಯಿತು.

ಇದನ್ನು ಈಗ ಹೇಳಲು ಕಾರಣ ಉಂಟು. ಕಳೆದ ವಾರ ಬೆಳ್ತಂಗಡಿಯಿಂದ ನನ್ನ ತಂಗಿಯ ಸೊಸೆ ಬಂದಿದ್ದಳು. ಅವಳಿಗೆ ದೂರ ಶಿಕ್ಷಣದಲ್ಲಿ ಪುಟ್ಟ ಮಕ್ಕಳ ಪಾಠದ ಬಗ್ಗೆ ಡಿಗ್ರಿ ಮಾಡುವ ಆಸೆ. "ದೊಡ್ಡಮ್ಮ, ಎಷ್ಟು ಖರ್ಚು ಬೀಳ್ತದೆ?" ಎಂದು ಕೇಳಿದಳು. ಬಾಯಲ್ಲಿ ಹೇಳುವ ಬದಲು ತೋರಿಸುವ ಎಂದು ಕಪಾಟಿನಿಂದ, ಡಿಗ್ರಿಗಾಗಿ ಮಕ್ಕಳನ್ನು ನೋಡಿ ಬರೆದಿದ್ದ ನನ್ನ ಹಳೆಯ ಅವಲೋಕನ ಪುಸ್ತಕವನ್ನು ತೆಗೆದೆ. ನುಸಿಗುಳಿಗೆಯ ವಾಸನೆಯ ಜೊತೆಗೆ ಅದರೊಳಗಿಂದ ಒಂದು ರಟ್ಟಿನ ಮೀನು ನೆಲಕ್ಕೆ ಬಿತ್ತು. ನೀಲಿ ಶಾಯಿಯ ಗೆರೆಗಳಿದ್ದ ಬಂಗುಡೆ.

ನೀವೂ ಅವಳ ಪಕ್ಕದಲ್ಲಿ ಕುಳಿತಿದ್ದೀರಿ ಎಂದುಕೊಂಡು ಹೇಳುತ್ತೇನೆ.

ತೊಂಬತ್ತರ ದಶಕದಲ್ಲಿ ನಾನು ಪಾಣೆಮಂಗಳೂರು, ಬಂಟ್ವಾಳದ ಮನೆ ಮನೆಗೆ ಬಟ್ಟೆಯ ಗಂಟು ಹೊತ್ತು ಹೋಗುತ್ತಿದ್ದವಳು. ನೈಟಿ, ಲಂಗ, ಮಕ್ಕಳ ಫ್ರಾಕು, ಎಲ್ಲ ನಾನೇ ಹೊಲಿದದ್ದು. ಯಾವ ಮನೆಯಲ್ಲಿ ಯಾವ ರೇಟಿನಿಂದ ಶುರು ಮಾಡಬೇಕು, ಎಲ್ಲಿ ಗಂಟು ಕಟ್ಟಿ ಎದ್ದ ಹಾಗೆ ಮಾಡಬೇಕು ಎಂಬುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಬೆನ್ನು ನೋಯತೊಡಗಿದ ಮೇಲೆ ಮನೆಯ ಚಾವಡಿಯಲ್ಲಿ ಶಿಶುವಿಹಾರ ತೆರೆದೆ. ಚೆನ್ನಾಗಿಯೇ ನಡೆಯುತ್ತಿತ್ತು. ಅಷ್ಟರಲ್ಲಿ ಸೇತುವೆಯ ಆಚೆ ಬಣ್ಣದ ಬೋರ್ಡು ಹಾಕಿ ಇನ್ನೊಂದು ಶಾಲೆ ಬಂತು. ಅಲ್ಲಿನ ಟೀಚರುಗಳ ಸರ್ಟಿಫಿಕೇಟುಗಳನ್ನು ಗೋಡೆಗೆ ತೂಗುಹಾಕಿದ್ದರಂತೆ. ಒಬ್ಬ ತಾಯಿ ಬಹಳ ಮರ್ಯಾದೆಯಿಂದ, "ಟೀಚರ್, ನೀವು ಎಲ್ಲಿವರೆಗೆ ಕಲ್ತದ್ದು?" ಎಂದು ಕೇಳಿದರು. ಪಿಯುಸಿ ಎಂದೆ. ಅವರು ನಕ್ಕರು. ಮರುವಾರ ಅವರ ಮಗು ಸೇತುವೆ ದಾಟಿತ್ತು.

ಆ ನಗುವಿಗಾಗಿ ಮೆಷಿನ್ ಮಾರಿ ದೂರ ಶಿಕ್ಷಣದ ಡಿಗ್ರಿಗೆ ಫೀಸು ಕಟ್ಟಿದೆ. ನನ್ನ ಯಜಮಾನರಿಗೆ ತಲೆಬಿಸಿ. "ಮೆಷಿನ್ ಊಟ ಕೊಡ್ತದೆ, ಪುಸ್ತಕ ಎಂತ ಕೊಡ್ತದೆ ಮಾರಾಯ್ತಿ?" ಎಂದರು. ಪುಸ್ತಕ ಏನೂ ಕೊಡದಿದ್ದರೆ ನೀವೇ ಹೊಸ ಮೆಷಿನ್ ಕೊಡಿಸಿ ಎಂದೆ. ಅಲ್ಲಿಗೆ ಅವರು ಪೇಪರ್ ಓದಲು ಕುಳಿತರು.

ಪಾಠಗಳು ಅಂಚೆಯಲ್ಲಿ ಕಟ್ಟುಕಟ್ಟಾಗಿ ಬಂದವು. ಅವುಗಳ ಕನ್ನಡ ನಮ್ಮ ಕನ್ನಡಕ್ಕಿಂತಲೂ ಗಟ್ಟಿ. ‘ಸಂಜ್ಞಾನಾತ್ಮಕ ವಿಕಾಸ’ ಎಂಬಲ್ಲಿ ನಾನು ಒಂದು ವಾರ ನಿಂತೇಬಿಟ್ಟೆ. ಕೊನೆಗೆ ಮಕ್ಕಳ ಬೆಳವಣಿಗೆಯ ಹಂತಗಳನ್ನು ಫ್ರಾಕಿನ ಸೈಜುಗಳ ಹಾಗೆ ನೆನಪಿಟ್ಟುಕೊಂಡೆ. ಈ ವಯಸ್ಸಿಗೆ ಈ ಅಳತೆ, ಆ ವಯಸ್ಸಿಗೆ ಆ ಅಳತೆ. ಪರೀಕ್ಷೆಗೆ ಅದು ಬಹಳ ಉಪಯೋಗಕ್ಕೆ ಬಂತು. ಮಕ್ಕಳಿಗೆ ಬರಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಭಾನುವಾರ ಮೂಡುಬಿದಿರೆಯಲ್ಲಿ ತರಗತಿ. ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದರೆ ಒಂದು ಪಾಠ ಮುಗಿಯುತ್ತಿತ್ತು, ನಿಂತರೆ ಅರ್ಧ. ಚೀಲದಲ್ಲಿ ಪುಸ್ತಕದ ಅಡಿಯಲ್ಲಿ ಮಾರದೆ ಉಳಿದ ನೈಟಿಗಳಿರುತ್ತಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಅವನ್ನೂ ಬಿಚ್ಚುತ್ತಿದ್ದೆ. ನಮಗೆ ಮಾರ್ಗದರ್ಶನ ಮಾಡುತ್ತಿದ್ದ ನಿವೃತ್ತ ಮಾಸ್ತರರು ಒಮ್ಮೆ ಇದನ್ನು ಕಂಡರು. ಬೈಗುಳ ಗ್ಯಾರಂಟಿ ಎಂದುಕೊಂಡರೆ ಹೆಂಡತಿಗೆಂದು ಒಂದನ್ನು ಆರಿಸಿದರು. ಪಾಪ, ಚೌಕಾಸಿ ಅವರಿಗೆ ಏನೂ ಬರುತ್ತಿರಲಿಲ್ಲ.

ಮೂರನೆಯ ವರ್ಷ ಒಂದು ಮಗುವನ್ನು ಮೂರು ತಿಂಗಳು ನೋಡಿ ಬರೆಯುವ ಕೆಲಸ ಬಂತು. ನಾನು ಆರಿಸಿದ್ದು ನಸೀಮಾಳನ್ನು. ಐದು ವರ್ಷದ ಹುಡುಗಿ. ತಂದೆ ಸೌದಿಯ ದಮ್ಮಾಮಿನಲ್ಲಿ, ತಾಯಿಗೆ ಕೈಕೂಸು. ಕರೆದುಕೊಂಡು ಬರುತ್ತಿದ್ದದ್ದು ಅಜ್ಜಿ ಐಸಮ್ಮ. ಅವಳನ್ನೇ ಯಾಕೆ ಆರಿಸಿದೆ ಎಂದರೆ, ಅವಳು ಕೂತಲ್ಲಿಂದ ಏಳುತ್ತಿರಲಿಲ್ಲ, ಬಾಯಿ ಬಿಡುತ್ತಿರಲಿಲ್ಲ. ಕಡಿಮೆ ಕಷ್ಟದಲ್ಲಿ ಕೆಲಸ ಮುಗಿಯುತ್ತದೆ ಎಂಬ ನನ್ನ ವ್ಯಾಪಾರ ಬುದ್ಧಿ.

ನಮ್ಮಲ್ಲಿ ಒಂದು ನಿಯಮವಿತ್ತು. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟ ಮೇಲೆ ಕನ್ನಡ ಮಾತ್ರ. ತುಳು, ಬ್ಯಾರಿ, ಕೊಂಕಣಿ ಎಲ್ಲ ಚಪ್ಪಲಿಯ ಜೊತೆ ಹೊರಗೆ. ತಂದೆತಾಯಿಗಳಿಗೆ ಬೇಕಾದದ್ದೂ ಅದೇ. ಮೂರು ತಿಂಗಳಲ್ಲಿ ನಸೀಮಾ ಒಂದು ಮಾತೂ ಆಡಲಿಲ್ಲ. ನಾನು ದುಂಡಗಿನ ಅಕ್ಷರದಲ್ಲಿ ಬರೆದೆ: ‘ಭಾಷಾ ವಿಕಾಸ ಹಿಂದುಳಿದಿದೆ. ಮಗು ಮಾತನಾಡುವುದಿಲ್ಲ.’ ಬರೆದು ಸುಮ್ಮನಿರಬಾರದೇ? ಐಸಮ್ಮನವರನ್ನು ಕರೆದು, ಮಂಗಳೂರಿನಲ್ಲಿ ಡಾಕ್ಟರಿಗೆ ತೋರಿಸಿ, ಜೂನಿನಲ್ಲಿ ಒಂದನೇ ಕ್ಲಾಸಿಗೆ ಹಾಕಬೇಡಿ ಎಂದು ಬುದ್ಧಿ ಹೇಳಿದೆ. ಅವರು ಮೊಮ್ಮಗಳ ತಲೆ ಸವರಿದರು.

"ಮಾತು ಬಾರದ ಹುಡುಗಿ ಅಂತ ನೀವೇ ಹೇಳಿದ ಮೇಲೆ ಶಾಲೆ ಯಾಕೆ ಟೀಚರೇ? ಮನೆಯಲ್ಲೇ ಇರ್ಲಿ."

ಮರುದಿನದಿಂದ ನಸೀಮಾ ಬರಲಿಲ್ಲ.

ಅದೇ ವಾರ ನಾನು ಮೀನು ಮಾರ್ಕೆಟಿಗೆ ಹೋಗಿದ್ದೆ. ಪಕ್ಕದ ಬುಟ್ಟಿಯ ಬಳಿ ಒಂದು ಸಣ್ಣ ಸ್ವರ ಬಂಗುಡೆಗೆ ಚೌಕಾಸಿ ಮಾಡುತ್ತಿತ್ತು. ನೋಡಿದರೆ ಅಜ್ಜಿಯ ಸೆರಗು ಹಿಡಿದ ನಸೀಮಾ. ಕಿವಿರು ಎತ್ತಿ ನೋಡಿ, ಇದು ನಿನ್ನೆಯದ್ದು ಎಂದು ಅಜ್ಜಿಗೆ ಮನೆಮಾತು ಬ್ಯಾರಿಯಲ್ಲಿ ಹೇಳಿದಳು. ಮೀನಿನ ಹೆಂಗಸು ತುಳುವಿನಲ್ಲಿ ಗದರಿಸಿದ್ದೇ ತಡ, ಹುಡುಗಿಯೂ ತುಳುವಿಗೆ ಹೊರಳಿದಳು. ನಿನ್ನೆಯ ಮೀನಿಗೆ ಇವತ್ತಿನ ರೇಟು ಯಾಕೆ, ಇನ್ನೆರಡು ಹಾಕಿ ಎಂದಳು. ಎರಡು ಬಿದ್ದವು ಕೂಡ. ಅಷ್ಟು ಚೊಕ್ಕ ಚೌಕಾಸಿ ಆ ವಯಸ್ಸಿನಲ್ಲಿ ನನಗೂ ಬರುತ್ತಿರಲಿಲ್ಲ.

ಆಗ ಅವಳು ನನ್ನನ್ನು ಕಂಡಳು. ಕಂಡದ್ದೇ ಬಾಯಿ ಮುಚ್ಚಿತು, ಎರಡೂ ಕೈಗಳು ಎದೆಯ ಮೇಲೆ ಕಟ್ಟಿಕೊಂಡವು. ನಾನು ಮೂರು ತಿಂಗಳು ನೋಡಿ ಬರೆದದ್ದು ಆ ಮಗುವನ್ನಲ್ಲ, ನನ್ನನ್ನು ಕಂಡಾಗಿನ ಆ ಮಗುವನ್ನು.

ಭಾನುವಾರ ಮೂಡುಬಿದಿರೆಯಲ್ಲಿ ಮಾಸ್ತರರನ್ನು ಬದಿಗೆ ಕರೆದು ಎಲ್ಲ ಹೇಳಿದೆ. ಆ ಪುಟ ಹರಿದು ಹೊಸದಾಗಿ ಬರೆಯಲೇ ಎಂದು ಕೇಳಿದೆ.

"ಹರಿಯಬೇಡಿ," ಎಂದರು. "ಅದು ಹಾಗೇ ಇರಲಿ. ಕೆಳಗೆ ತಾರೀಕು ಹಾಕಿ ಎರಡನೆಯದ್ದು ಬರೆಯಿರಿ."

"ಮಾರ್ಕು ಹೋದರೆ ಸರ್?"

"ಹೋಗ್ಲಿ. ಆ ಮಗುವಿನ ಶಾಲೆ ತಪ್ಪಿ ಹೋಗುವುದು ಬೇಡ."

ಮರುದಿನ ಐಸಮ್ಮನವರ ಮನೆಗೆ ಹೋದೆ. ತಪ್ಪು ನನ್ನದು, ನಸೀಮಾಳಿಗೆ ಏನೂ ಆಗಿಲ್ಲ, ಕಳಿಸಿ ಎಂದು ಕೇಳಿಕೊಂಡೆ. ಅವರು ಮೊದಲು ಚಾ ಕೊಟ್ಟರು. ಆಮೇಲೆ ತುಳುವಿನಲ್ಲಿ ನಿಧಾನ ಹೇಳಿದರು: ಇವಳು ತನಗೆ ಬರುವ ಮಾತು ಆಡಲಿ, ನೀವು ಬೈಯಬಾರದು, ಕನ್ನಡ ನೀವು ಮೆಲ್ಲ ಕಲಿಸಿ. ನನ್ನ ಹುಟ್ಟುಗುಣ ಬಿಡುತ್ತದೆಯೇ? ಬೆಳಿಗ್ಗೆ ಅವಳ ಮಾತು, ಮಧ್ಯಾಹ್ನದ ಮೇಲೆ ಕನ್ನಡ ಮಾತ್ರ, ಆಗಬಹುದಾ ಎಂದೆ.

"ಇಡೀ ದಿನ," ಎಂದರು ಐಸಮ್ಮ.

ಬದುಕಿನಲ್ಲಿ ಮೊದಲ ಸಲ ಹೇಳಿದ ರೇಟಿಗೆ ಒಪ್ಪಿ ಎದ್ದುಬಂದೆ.

ಸೋಪಿನ ಪೆಟ್ಟಿಗೆಯ ರಟ್ಟಿನಲ್ಲಿ ಬಂಗುಡೆ, ಭೂತಾಯಿ ಮೀನುಗಳನ್ನು ಕತ್ತರಿಸಿದೆ. ನಸೀಮಾ ಬಂದ ದಿನ ಚಾವಡಿಯ ನಡುವೆ ಬುಟ್ಟಿ ಇಟ್ಟು ಮೀನಿನ ಹೆಂಗಸಿನ ಹಾಗೆ ತುಳುವಿನಲ್ಲಿ ಕೂಗಿದೆ. ನನ್ನ ನಿಯಮವನ್ನು ನಾನೇ ಮುರಿದದ್ದು ಕಂಡು ಮಕ್ಕಳು ಹೆದರಿ ಒಬ್ಬರ ಮುಖ ಒಬ್ಬರು ನೋಡಿದರು. ನಸೀಮಾ ಬಹಳ ಹೊತ್ತು ಗೋಡೆಗೆ ಅಂಟಿಕೊಂಡಿದ್ದಳು. ಕೊನೆಗೆ ಬಂದು ಒಂದು ಬಂಗುಡೆ ಎತ್ತಿ, ತಿರುಗಿಸಿ ನೋಡಿ, ಬ್ಯಾರಿಯಲ್ಲಿ ಏನೋ ಅಂದಳು. ಉಳಿದ ಬ್ಯಾರಿ ಮಕ್ಕಳೆಲ್ಲ ಗೊಳ್ಳನೆ ನಕ್ಕರು. ಟೀಚರಿನ ಮೀನಿಗೆ ಕಿವಿರೇ ಇಲ್ಲ ಅಂದಳಂತೆ. ಆವತ್ತೇ ಶಾಯಿಯಲ್ಲಿ ಕಿವಿರು ಬರೆದುಕೊಟ್ಟೆ.

ಇದಕ್ಕಾಗಿ ಎರಡು ಮಕ್ಕಳು ನನ್ನ ಶಾಲೆ ಬಿಟ್ಟವು, ಕನ್ನಡ ಕಲಿಸುವುದಿಲ್ಲ ಎಂಬ ದೂರಿನ ಮೇಲೆ. ಇರಲಿ. ಜೂನಿನಲ್ಲಿ ನಸೀಮಾ ಒಂದನೇ ಕ್ಲಾಸಿಗೆ ಸೇರಿದಳು. ಆಗ ಅವಳ ಕನ್ನಡ ನನ್ನ ಪುಸ್ತಕದ ಕನ್ನಡಕ್ಕಿಂತ ಎಷ್ಟೋ ಚೆನ್ನಾಗಿತ್ತು. ನಾನೂ ಪಾಸಾದೆ. ಮಾರ್ಕು ಕೇಳಬೇಡಿ.

ಈ ಪುಸ್ತಕವನ್ನು ಯಾರಿಗೆ ತೋರಿಸಿದರೂ ಆ ಒಂದು ಪುಟವನ್ನು ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ದಾಟಿಸುತ್ತಿದ್ದೆ. ಕಳೆದ ವಾರ ಮಾತ್ರ, ಬಿದ್ದ ಬಂಗುಡೆಯನ್ನು ಎತ್ತಿಕೊಂಡು, ಮೊದಲು ಅದೇ ಪುಟ ತೆರೆದೆ. ಹುಡುಗಿ ಎರಡು ಸಲ ಓದಿದಳು. "ಹಾಗಾದ್ರೆ ನಾನು ಸೇರ್ಬಹುದಾ ದೊಡ್ಡಮ್ಮ?" ಎಂದಳು. ಸೇರು ಎಂದೆ, ಮೀನನ್ನೂ ಅವಳ ಕೈಗೇ ಕೊಟ್ಟೆ.

ನಿಮಗೂ ಅದನ್ನೇ ಹೇಳುತ್ತೇನೆ, ಸೇರಿ. ಮೊದಲು ತರಗತಿಯ ಊರಿಗೆ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ಅರ್ಥವಾಗದ ಪಾಠವನ್ನು ಗಟ್ಟಿಯಾಗಿ ಓದಿ, ಮನೆಯವರಿಗೆ ಬೇಸರವಾದರೂ ಪರವಾಗಿಲ್ಲ. ಅವಲೋಕನಕ್ಕೆ ಸುಮ್ಮನೆ ಕೂರುವ ಮಗುವನ್ನು ಆರಿಸಿಕೊಂಡರೆ, ಪುಸ್ತಕವನ್ನು ಮನೆಯಲ್ಲಿಟ್ಟು ಒಂದು ದಿನ ಅದರ ಹಿಂದೆ ಮಾರ್ಕೆಟಿಗೆ ಹೋಗಿ. ಬರೆಯುವಾಗ ಪೆನ್ನಿನಲ್ಲೇ ಬರೆಯಿರಿ. ಆದರೆ ಪ್ರತಿ ಮಗುವಿನ ಬಗ್ಗೆ ಬರೆದದ್ದರ ಕೆಳಗೆ ಅರ್ಧ ಪುಟ ಖಾಲಿ ಬಿಡಿ. ನಾನು ಬಿಟ್ಟಿರಲಿಲ್ಲ. ನಸೀಮಾ ಕನ್ನಡಕ್ಕೂ ಬಾಯಿ ಬಿಟ್ಟ ಮೇಲೆ ‘ಮಗು ಮೂರು ಭಾಷೆ ಮಾತನಾಡುತ್ತದೆ’ ಎಂಬುದನ್ನು ಪುಟದ ಅಂಚಿನಲ್ಲಿ ಓರೆಯಾಗಿ ತುರುಕಬೇಕಾಯಿತು.