ನೀರು ಪಾಸು ಮಾಡಿದ ಬಷೀರ್ ಸಾಹೇಬರು

ಬಷೀರ್ ಸಾಹೇಬರು ಯಾರ ಮನೆಯಲ್ಲಿ ನೀರು ಕೊಟ್ಟರೂ ನೇರ ಬಾಯಿಗೆ ಎತ್ತುತ್ತಿರಲಿಲ್ಲ. ಮೊದಲು ಅಂಗೈಗೆ ಒಂದಿಷ್ಟು ಸುರಿದುಕೊಂಡು ನೋಡುತ್ತಿದ್ದರು, ಮೂಸುತ್ತಿದ್ದರು, ಆಮೇಲೆ ಕುಡಿಯುತ್ತಿದ್ದರು. ಮಗಳ ಅತ್ತೆಮನೆಯಲ್ಲೂ ಹಾಗೇ ಮಾಡಿ ಹೆಂಡತಿಯ ಕೈಲಿ ಬೈಸಿಕೊಂಡಿದ್ದರಂತೆ. ಯಾರಾದರೂ ಮುಖ ಸಿಂಡರಿಸಿದರೆ, “ಬೇಜಾರ್ ಮಾಡ್ಕೋಬೇಡಿ ತಾಯಿ, ನಂದು ಕೆಟ್ಟ ಚಾಳಿ” ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ ನಂಗಲಿ ಕಡೆಯ ಊರೊಂದರ ಆರೋಗ್ಯ ಕೇಂದ್ರದಲ್ಲಿ ನಾನು ನರ್ಸ್, ಅವರು ಹೆಲ್ತ್ ಇನ್‌ಸ್ಪೆಕ್ಟರ್. ಸುತ್ತಲಿನ ಕೆರೆ ಬಾವಿಗಳ ನೀರನ್ನು ಬಾಟಲಿಗೆ ತುಂಬಿ ಕೋಲಾರಕ್ಕೆ ಪರೀಕ್ಷೆಗೆ ಒಯ್ಯುವುದು ಅವರ ಕೆಲಸ. ಬಾಟಲಿಯ ಬಾಯಿಗೆ ಸ್ಪಿರಿಟ್ ದೀಪದ ಉರಿ ತೋರಿಸಿ, ದಾರ ಕಟ್ಟಿ ಇಳಿಬಿಟ್ಟು, ತುಂಬಿದ ಮೇಲೆ ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ಹೋಗುವರು. ವರದಿ ಬರುವಷ್ಟರಲ್ಲಿ ಆ ನೀರು ಊರವರ ಹೊಟ್ಟೆ ಸೇರಿ ಎಷ್ಟೋ ದಿನವಾಗಿರುತ್ತಿತ್ತು. “ಕ್ಯಾ ಕರ್ನಾ ಸಿಸ್ಟರ್” ಎಂದು ನಿಟ್ಟುಸಿರು ಬಿಟ್ಟು ಮತ್ತೆ ಸೈಕಲ್ ಹತ್ತುವರು. ಅವರ ಆ ನಿಟ್ಟುಸಿರು ನನಗೂ ಅಂಟಿಕೊಂಡಿತ್ತು.

ನಮ್ಮೂರ ಕೆರೆಯಲ್ಲಿ ಹೆದ್ದಾರಿಯ ಲಾರಿಗಳನ್ನು ತೊಳೆಯುತ್ತಿದ್ದರು. ದನ, ಬಟ್ಟೆ, ಬೆಳಗಿನ ಚೊಂಬು ಎಲ್ಲವೂ ಅಲ್ಲೇ. ಏರಿಯ ಕೆಳಗಿನ ಬಾವಿಗೆ ಅದೇ ನೀರು ಜಿನುಗುತ್ತಿತ್ತು, ಊರು ಅದನ್ನೇ ಕುಡಿಯುತ್ತಿತ್ತು. ಬಾವಿ ಕೆಟ್ಟಿದೆ ಎಂದು ಒಂದು ವರದಿ ಬಂದರೆ ಸಾಕು, ಬೋರ್‌ವೆಲ್ ಗಾಡಿ ನಮ್ಮೂರಿಗೆ ಬರುತ್ತಿತ್ತು. ಸಾಹೇಬರು ಅದಕ್ಕಾಗಿಯೇ ಕಾಯುತ್ತಿದ್ದರು.

ಬಾಟಲಿ ಒಯ್ಯಬೇಕಾದ ದಿನವೇ ಅವರಿಗೆ ಮೈ ಸುಡುವ ಜ್ವರ. ಬಾವಿಯ ಪಕ್ಕದ ಮನೆಯ ಗಂಗಮ್ಮನಿಗೆ ಬಾಟಲಿ ಕೊಟ್ಟು, “ತೊಳೀಬೇಡಮ್ಮ, ಹಂಗೇ ತುಂಬಿ ಬಸ್ಸಿನವನ ಕೈಗೆ ಕೊಡು” ಎಂದು ಹೇಳಿ ಮಲಗಿದರು.

ವರದಿ ಬಂತು: ನೀರು ಕುಡಿಯಲು ಯೋಗ್ಯ. ಸಾಹೇಬರು ಅದನ್ನು ಹಿಡಿದುಕೊಂಡು ಬಾವಿ ಹತ್ತಿರ ಹೋದರು, ನಾನೂ ಹೋದೆ. ಗಂಗಮ್ಮ ಹಿಗ್ಗಿಹೋದಳು. “ಪಾಸಾಯ್ತಾ ಸಾರ್? ಆಗ್ದೆ ಇರ್ತದಾ! ಬೂದಿ ಹುಣಿಸೇಹಣ್ಣು ಹಾಕಿ ಬಾಟ್ಲಿ ಬೆಳಗಿದೆ. ಅಷ್ಟು ದೂರ ಮಾವಿನ ತೋಪಿನ ಬಾವಿಗೆ ಹೋಗಿ, ಹೊಸಾ ಬಟ್ಟೇಲಿ ಸೋಸಿ ತುಂಬಿದೆ. ಊರಿನ ಹೆಸ್ರಲ್ಲಿ ಕೋಲಾರಕ್ಕೆ ಹೋಗೋ ನೀರು, ಈ ಗಲೀಜು ಕಳ್ಸಿದ್ರೆ ನಮ್ ಮರ್ಯಾದೆ ಏನಾಗ್ಬೇಕು?”

ಸಾಹೇಬರು ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟರು. ನನಗೆ ಅವಳನ್ನು ಬೈಯಬೇಕೆನಿಸಿತು. ಅವರು ಮಾತ್ರ, “ಪಾಸಾಯ್ತಮ್ಮ. ಆದ್ರೂ ಕಾಯ್ಸಿ ಕುಡೀರಿ” ಎಂದರು.

ಮತ್ತೆ ಬಾಟಲಿ ತುಂಬಿ ಒಯ್ದರು, ಅರ್ಜಿ ಬರೆದರು. ನೀರು ಚೆನ್ನಾಗಿರುವ ಊರಿಗೆ ಬೋರ್‌ವೆಲ್ ಯಾಕೆ ಎಂದರು ಮೇಲಿನವರು. ಎರಡನೇ ವರದಿ ಬರುವ ಮೊದಲೇ ಗಾಡಿ ತಾಯಲೂರಿನ ಕಡೆ ಹೋಯಿತು. ಬ್ಲೀಚಿಂಗ್ ಪುಡಿಯ ದಾಸ್ತಾನು ಮುಗಿದಿತ್ತು. ಸೌದೆಗೆ ಪರದಾಡುವವರು ನೀರನ್ನೆಲ್ಲಿ ಕಾಯಿಸಿಯಾರು? ಆ ಬೇಸಿಗೆ ಊರಿಗೆ ವಾಂತಿಭೇದಿ ಬಂತು. ಗಂಗಮ್ಮನ ಗಂಡ ಮುನಿವೆಂಕಟಪ್ಪ ನಾನು ಸಲೈನ್ ಏರಿಸುತ್ತಿರುವಾಗಲೇ ಹೋದ.

ಮಣ್ಣು ಮಾಡಿ ಬಂದ ಮೇಲೆ ಅವಳು ಸಾಹೇಬರನ್ನೇ ಕೇಳಿದಳು, “ನೀರು ಪಾಸಾಗಿತ್ತಲ್ಲ ಸಾರ್, ಮತ್ಯಾಕ್ ಹಿಂಗಾಯ್ತು?”

ನೀರಿನಿಂದಲೇ ರೋಗ ಎಂದು ಊರೂರು ತಿರುಗಿ ಗಂಟಲು ಹರಿದುಕೊಂಡಿದ್ದ ಮನುಷ್ಯ ತಲೆ ತಗ್ಗಿಸಿ, “ನೀರಿಂದ ಅಲ್ಲಮ್ಮ. ಬಿಸಿಲು, ವಯಸ್ಸು... ಅವನ ಟೈಮು” ಎಂದರು. ದಾರಿಯಲ್ಲಿ ನನಗೆ, “ಸಿಸ್ಟರ್, ಅವಳಿಗೆ ಯಾವತ್ತೂ ಹೇಳ್ಬೇಡಿ” ಎಂದಷ್ಟೇ ಹೇಳಿದರು. ಅವತ್ತಿನಷ್ಟು ಸುಸ್ತಾದ ಮುಖ ನಾನು ಇನ್ನೊಂದು ನೋಡಿಲ್ಲ.

ಮರುವರ್ಷ ಬೋರ್‌ವೆಲ್ ಬಂತು. ಸಾಹೇಬರಿಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಹೊರಡುವ ದಿನ ಗಂಗಮ್ಮ ಬೋರಿನ ನೀರು ತಂದುಕೊಟ್ಟಳು. ಅವಳ ಮುಂದೆ ಅಂಗೈಗೆ ಸುರಿದುಕೊಳ್ಳದೆ ಒಂದೇ ಉಸಿರಿಗೆ ಕುಡಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡ ಸುದ್ದಿ ಮುಳಬಾಗಿಲಿನಿಂದ ಬಂತು. ಬೋರಿನ ಬಳಿ ಗಂಗಮ್ಮನಿಗೆ ತಿಳಿಸಿದೆ. ಬಿಂದಿಗೆ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಬಂಗಾರದಂಥ ಮನುಷ್ಯ ಕಣಮ್ಮ. ನಾನ್ ತುಂಬಿದ್ ನೀರ್ನ ಪಾಸ್ ಮಾಡ್ಸಿದ್ದು ಅವ್ರೇ.”

“ಹೂಂ ಗಂಗಮ್ಮ, ಅವರೇ” ಎಂದೆ.