ಅರಳಿಕಟ್ಟೆ ಒಡೆಸಿದ ಟೀಚರ್

ಮೊನ್ನೆ ನಮ್ಮ ಮನೆಯ ಅಂಗಳಕ್ಕೆ ಸಿಮೆಂಟು ಹಾಕಿ ಹೋದರು. ಸಂಜೆ ಅದಕ್ಕೆ ನೀರು ಬಿಡುತ್ತಿದ್ದೆ. ಹಸಿ ಸಿಮೆಂಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆಯ ಟೀಚರ್ ನೆನಪಾದರು. ಅವರಿದ್ದಿದ್ದರೆ ಕಾಂಪೌಂಡಿನ ಆಚೆಯಿಂದಲೇ ಶುರು ಮಾಡುತ್ತಿದ್ದರು: "ಅಕ್ಕಾ, ಒಂದ್ ಗೇಣು ಮಣ್ಣಾದ್ರೂ ಬಿಡ್ರಿ. ಮಳೆ ನೀರು ಎಲ್ಲಿಗೆ ಹೋಗ್ಬೇಕು?"

ತ್ಯಾವಣಿಗೆ ಹತ್ತಿರದ ನಮ್ಮೂರಿಗೆ ಅವರು ಬಂದದ್ದು ಹೈಸ್ಕೂಲಿನ ವಿಜ್ಞಾನದ ಟೀಚರಾಗಿ. ಬೆಳಿಗ್ಗೆ ಹೊಸ್ತಿಲ ಪೂಜೆ, ಹಣೆ ತುಂಬ ವಿಭೂತಿ. ಅದೇ ವಿಭೂತಿಯಲ್ಲಿ ಹೋಗಿ ಮಕ್ಕಳಿಗೆ ಕಪ್ಪೆಯ ಹೃದಯದ ಪಾಠ. ನನಗೆ ಬಾಯಿ ಸುಮ್ಮನಿರಬೇಕಲ್ಲ! ದೇವರು ಇದ್ದಾನೋ ಇಲ್ಲವೋ, ಒಂದು ಹೇಳಿಬಿಡ್ರಿ ಎಂದು ಒಮ್ಮೆ ಕೆಣಕಿದೆ. "ಅದು ಸಿಲಬಸ್‌ನಾಗೆ ಇಲ್ಲ, ಬಿಡಕ್ಕ" ಅಂದು ನಕ್ಕು, ಕಾಫಿ ಲೋಟ ಇಟ್ಟು ಹೋದರು.

ಮದುವೆಯಾಗಿ ಬಹಳ ವರ್ಷ ಅವರಿಗೆ ಮಕ್ಕಳಾಗಿರಲಿಲ್ಲ. ದಾವಣಗೆರೆಯ ಡಾಕ್ಟರ ಔಷಧಿ ತೆಗೆದುಕೊಳ್ಳುತ್ತಿದ್ದರು. ಜೊತೆಗೆ ಹರಕೆ ಹೊತ್ತು, ಊರ ಅರಳಿಮರದ ಬುಡದಲ್ಲಿ ಒಂದು ನಾಗರಕಲ್ಲನ್ನೂ ಪ್ರತಿಷ್ಠೆ ಮಾಡಿಸಿದರು. ಮಗಳು ಹುಟ್ಟಿದಳು. ಔಷಧಿಯಿಂದಲೋ ಹರಕೆಯಿಂದಲೋ, ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ... ಊರು ಮಾತ್ರ ನಾಗಪ್ಪನೇ ಕೊಟ್ಟದ್ದು ಎಂದು ತೀರ್ಮಾನಿಸಿತ್ತು.

ಮಗಳು ಅಂಗನವಾಡಿಗೆ ಹೋಗುವ ಹೊತ್ತಿಗೆ ಊರವರೆಲ್ಲ ಸೇರಿ, ಭಕ್ತಿಯಿಂದಲೇ, ಅರಳಿಕಟ್ಟೆಗೆ ಸಿಮೆಂಟು ಹಾಕಿಸಿ ಮೇಲೆ ಟೈಲ್ಸ್ ಕೂರಿಸಿದರು. ಮರದ ಬುಡಕ್ಕೆ ಅಂಟಿದಂತೆ, ಒಂದು ಬೆರಳಿನ ಸಂದೂ ಇಲ್ಲದ ಹಾಗೆ. ಸುತ್ತು ಹಾಕುವಾಗ ಕಾಲಿಗೆ ಕೆಸರಾಗುವುದಿಲ್ಲವಲ್ಲ ಎಂದು ನನಗೂ ಖುಷಿಯೇ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಮರದ ಒಂದು ಮಗ್ಗುಲು ಒಣಗುತ್ತ ಬಂತು. ನಾಗಪ್ಪ ಮುನಿಸಿಕೊಂಡಿದ್ದಾನೆ ಎಂದರು. ಮುನಿಸು ತೀರಲಿ ಎಂದು ಬುಡಕ್ಕೆ ಇನ್ನಷ್ಟು ಹಾಲು, ಇನ್ನಷ್ಟು ಎಣ್ಣೆ. ಒಬ್ಬರಂತೂ ಮರ ಚಿಗುರಿದರೆ ಇನ್ನೊಂದು ಸುತ್ತು ಟೈಲ್ಸ್ ಹಾಕಿಸುತ್ತೇನೆಂದು ಹರಕೆ ಹೊತ್ತರು. ಶಿವನೇ!

"ಬೇರೂ ಉಸಿರಾಡ್ತವೆ ಕಣ್ರೀ. ಗಾಳಿ ಇಲ್ಲ, ನೀರಿಲ್ಲ, ಉಸಿರು ಕಟ್ಟೈತೆ ಅದಕ್ಕೆ. ಕಟ್ಟೆ ಒಡೆಸ್ರಿ" ಎಂದು ಟೀಚರ್ ಮನೆಮನೆಗೆ ಹೋಗಿ ಹೇಳಿದರು. ಅವರ ಮಾತು ಸುಳ್ಳೆಂದು ಯಾರೂ ಅನ್ನಲಿಲ್ಲ. ಆದರೆ ಕಟ್ಟೆ ಒಡೆಯಲು, ಟೀಚರಂತೆಯೇ ಹರಕೆ ಹೊತ್ತ ತಾಯಂದಿರು ಇಟ್ಟಿದ್ದ ನಾಗರಕಲ್ಲುಗಳನ್ನು ತೆಗೆಯಬೇಕಿತ್ತು. ಹರಕೆಯ ಕಲ್ಲು ಕದಲಿದರೆ ಹರಕೆಯಿಂದ ಹುಟ್ಟಿದ ಮಗುವಿಗೆ ಕೇಡು ಎಂಬ ಭಯ. ಯಾವ ತಾಯಿ ಮುಂದೆ ಬರುತ್ತಾಳೆ?

"ಹೇಳಾಕೆ ಸುಲಭ ಟೀಚರ್ರೇ. ನಿಮ್ ಕಲ್ಲೂ ಐತಲ್ಲ ಅಲ್ಲಿ, ಮೊದ್ಲು ಅದನ್ನ ತೆಗೀತೀರಾ?" ಎಂದು ಒಬ್ಬಾಕೆ ಎಲ್ಲರ ಎದುರೇ ಕೇಳಿಬಿಟ್ಟಳು. ಟೀಚರ್ ಮಗಳ ಕೈ ಹಿಡಿದು ನೇರ ನನ್ನ ಅಡುಗೆಮನೆಗೆ ಬಂದು ಕೂತರು.

"ಹೆದ್ರಿಕೆ ಆಗ್ತೈತೆ ಅಕ್ಕಾ. ಬೇರು ಏನ್ ಮಾಡ್ತವೆ ಅಂತ ಗೊತ್ತೈತೆ. ನಾಗಪ್ಪ ಏನ್ ಮಾಡ್ತಾನೆ ಅಂತ ಗೊತ್ತಿಲ್ಲ."

ನಿಮಗ್ಯಾಕೆ ಊರ ಉಸಾಬರಿ, ಈ ಮರ ಹೋದರೆ ಇನ್ನೊಂದು ನೆಟ್ಟರಾಯಿತು ಎಂದೆ. ಅವರು ನನ್ನನ್ನೇ ದುರುಗುಟ್ಟಿ ನೋಡಿದರು.

"ಇವಳನ್ನ ಬೇಡ್ಕೊಂಡಿದ್ದು ಆ ಮರದ ಹತ್ರ ಅಕ್ಕಾ. ಅದು ಸಾಯ್ತಿದ್ರೆ ಹೆಂಗೆ ನೋಡ್ಕೊಂಡು ಕೂರಲಿ?"

ಮುಂದಿನ ಸೋಮವಾರ ಪೂಜಾರಪ್ಪನಿಂದ ತಪ್ಪುಗಾಣಿಕೆ ಪೂಜೆ ಮಾಡಿಸಿದರು. ಯಾರೋ ಹಾರೆ ಹಾಕಿ ಟೀಚರ ಕಲ್ಲನ್ನು ಸಡಿಲಿಸಿದರು, ಎತ್ತಲು ಮಾತ್ರ ಒಬ್ಬರೂ ಕೈ ಹಾಕಲಿಲ್ಲ. ಟೀಚರ್ ಸೆರಗು ಸೊಂಟಕ್ಕೆ ಸಿಗಿಸಿ, ಕಲ್ಲನ್ನು ಎತ್ತಿ ಎದೆಗೆ ಅವುಚಿಕೊಂಡು, ಕಟ್ಟೆ ಇಳಿದು ಪಕ್ಕದ ಮಣ್ಣಿನ ಮೇಲೆ ಇಟ್ಟರು.

ನಾಲ್ಕು ದಿನ ಕಳೆದಿರಲಿಲ್ಲ, ಮಗಳಿಗೆ ಜ್ವರ ಬಂತು. ಮಳೆಗಾಲ, ಬೀದಿಯ ಅರ್ಧ ಮಕ್ಕಳಿಗೆ ಜ್ವರವಿತ್ತು. ಆದರೆ ಜನರ ಬಾಯಿ ಹಿಡಿಯುವವರು ಯಾರು? ಟೀಚರ್ ಹೊತ್ತು ಹೊತ್ತಿಗೆ ಡಾಕ್ಟರ ಸಿರಪ್ಪು ಕುಡಿಸಿದರು, ಆ ಮಣ್ಣಿನಲ್ಲಿದ್ದ ನಾಗಪ್ಪನಿಗೆ ದೀಪವನ್ನೂ ಹಚ್ಚಿದರು. "ಎರಡೂ ಮಾಡ್ತೀನಿ ಅಕ್ಕಾ, ಯಾರಾದ್ರೂ ಒಬ್ರು ಕೇಳಿಸ್ಕೊಳ್ಳಲಿ" ಅಂದರು. ಆಗ ಅವರ ಮುಖ ನೋಡಲಾಗುತ್ತಿರಲಿಲ್ಲ...

ಜ್ವರ ಇಳಿಯಿತು. ಹುಡುಗಿ ಬೀದಿಯಲ್ಲಿ ಓಡಾಡಿದ್ದನ್ನು ಕಂಡ ಮೇಲೆ ಉಳಿದ ತಾಯಂದಿರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕಲ್ಲು ಇಳಿಸಿದರು. ಕಟ್ಟೆ ಒಡೆಸಿದರು. ಎರಡು ದೊಡ್ಡ ಕೊಂಬೆ ಉಳಿಯಲಿಲ್ಲ, ಮರ ಉಳಿಯಿತು. ಕಲ್ಲುಗಳು ಇವತ್ತಿಗೂ ಬರೀ ಮಣ್ಣಿನ ಮೇಲೆ ಮರದ ಸುತ್ತ ಕೂತಿವೆ.

ಟೀಚರ್ ತೀರಿಕೊಂಡು ವರ್ಷದ ಮೇಲಾಯಿತು. ನನ್ನನ್ನು ಬೈಯುವವರು ಈಗ ಯಾರೂ ಇಲ್ಲ, ಅದೇ ನನಗೆ ತಡೆಯಲಾಗದ ಸಂಕಟ. ನಿನ್ನೆ ಅವರ ಮಗಳು ಬಂದಿದ್ದಳು. ಶಿವಮೊಗ್ಗದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕಟ್ಟೆಯ ಮಾತು ಬಂತು.

"ಅಮ್ಮಂಗೆ ಇದೆಲ್ಲ ನಂಬಿಕೆ ಇರ್ಲಿಲ್ಲ ಅಲ್ವಾ ದೊಡ್ಡಮ್ಮ? ಅದಕ್ಕೇ ಅಷ್ಟು ಧೈರ್ಯವಾಗಿ ಕಲ್ಲು ಎತ್ತಿದ್ದು."

"ನಂಬಿಕೆ ಇತ್ತು ಕಣಮ್ಮ" ಅಂದೆ. ಆ ಸೋಮವಾರ ಬೆಳಿಗ್ಗೆ ಅವರಮ್ಮ ನಮ್ಮ ಬಚ್ಚಲಲ್ಲಿ ವಾಂತಿ ಮಾಡಿಕೊಂಡದ್ದನ್ನು ಹೇಳಿದೆ. ಕಲ್ಲು ಇಟ್ಟು ಮನೆಗೆ ಬಂದವರು ಸಂಜೆತನಕ ಮಗಳನ್ನು ಎತ್ತಿಕೊಳ್ಳಲಿಲ್ಲ. ಅವಳು ಅಮ್ಮಾ ಅಮ್ಮಾ ಎಂದು ಅಳುತ್ತಿದ್ದರೂ ದೂರ ನಿಂತು, "ನನ್ ಕೈಯಿಂದ ಮಗೂಗೆ ಏನಾದ್ರೂ ತಗುಲೀತು, ನೀವೇ ಹಿಡ್ಕೊಳ್ರಿ ಅಕ್ಕಾ" ಎಂದು ಅವರೂ ಅಳುತ್ತಿದ್ದರು.

ಹುಡುಗಿ ಎದ್ದು ನಿಂತಳು. ಅಮ್ಮನ ಕಲ್ಲು ಯಾವುದು, ತೋರಿಸಿ ಅಂದಳು. ಕರೆದುಕೊಂಡು ಹೋಗಿ ತೋರಿಸಿದೆ. ಅವಳು ಮಣ್ಣಲ್ಲೇ ಕೂತು ಕಲ್ಲನ್ನು ಎರಡೂ ಕೈಯಿಂದ ತಬ್ಬಿಕೊಂಡಳು. ನಾನೂ ಅವಳ ಪಕ್ಕ ಕೂತೆ.